ಏರ್ ಪಿಸ್ತೂಲಿನಲ್ಲಿ ಕೈ ಪಳಗಿತು ಅಂದುಕೊಂಡಿದ್ದೆ

ಲೈಸೆನ್ಸಿನ ರಿವಾಲ್ವರೋ ಪಿಸ್ತೂಲೋ ಇದ್ದು, ಅಭ್ಯಾಸಕ್ಕೆ ಇನ್ನೊಂದು ಸಣ್ಣದು ತಗೊಳ್ಳೋಣ ಅಂತಿರುವವರು ಸ್ವಲ್ಪ ನಿಂತು ಇದನ್ನು ಓದಿ. ನಾನು 42,000 ರೂಪಾಯಿ ಕೊಟ್ಟು ಕೆಟ್ಟ ಅಭ್ಯಾಸ ಕೊಂಡು ತಂದವನು.

ನಮ್ಮ ಅಡಿಕೆ ತೋಟ ಚನ್ನಗಿರಿ ಕಡೆ, ಮನೆ ದಾವಣಗೆರೆಯಲ್ಲಿ. ಮಂಡಿಯಿಂದ ದುಡ್ಡು ತರುವ ದಿನಗಳಿಗೆ ಅಂತ .32 (ನಳಿಗೆಯ ಅಳತೆ, ಇಂಚಿನಲ್ಲಿ) ರಿವಾಲ್ವರಿಗೆ ಲೈಸೆನ್ಸ್ ಮಾಡಿಸಿದ್ದೆ. ಹಂದಿ ಓಡಿಸೋಕೆ ಅಜ್ಜನ ಕಾಲದ ಒಂಟಿ ನಳಿಗೆ ಕೋವಿ ಬೇರೆ ಇದೆ. 2023ರ ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆಯ ನೀತಿ ಸಂಹಿತೆ ಬಂತು. ಹಾಗಾಗಿ ಎರಡನ್ನೂ ಠಾಣೆಗೆ ಒಪ್ಪಿಸಿ ರಸೀದಿ ತಂದೆ. ಎರಡು ತಿಂಗಳು ಕೈ ಖಾಲಿ. ಅಷ್ಟರಲ್ಲಿ ಗುರಿ ತಪ್ಪಿಹೋದೀತು ಅಂತ ಚಿಂತೆ ಹತ್ತಿತು.

ಬಂದೂಕಿನ ಅಂಗಡಿಗೆ ಹೋಗಿ ಅಭ್ಯಾಸಕ್ಕೆ ಸಣ್ಣ ತೋಟಾದ .22 ಕೇಳಿದೆ. ಅವರು ಮೂರು ಮಾತು ಹೇಳಿದರು. "2019ರ ತಿದ್ದುಪಡಿ ಆದ್ಮೇಲೆ ಒಬ್ಬರಿಗೆ ಎರಡೇ ಸರ್, ನಿಮ್ಮತ್ರ ಆಗ್ಲೇ ಎರಡಿದೆ." ಇದು ನಿಜ. ಮೊದಲು ಮೂರರವರೆಗೆ ಇಟ್ಟುಕೊಳ್ಳಬಹುದಿತ್ತು. "ಏರ್ ಪಿಸ್ತೂಲ್ ತಗೊಳ್ಳಿ, ಲೈಸೆನ್ಸ್ ಬೇಡ." ಇದೂ ನಿಜ. ಗಾಳಿಯ ಒತ್ತಡದಿಂದ ಛರ್ರೆ, ಅಂದರೆ ಸಣ್ಣ ಸೀಸದ ಗುಂಡು, ಹಾರಿಸುವ ಇದರ ಬೋರ್, ಅಂದರೆ ನಳಿಗೆಯ ಒಳ ಅಗಲ, .177 ಇಂಚು ಮೀರದೆ, ಶಕ್ತಿ 20 ಜೂಲ್ ದಾಟದೆ ಇದ್ದರೆ ಬೇಡ. ಮೂರನೆಯದು, "ಕೈಗೆ ಎಲ್ಲಾ ಒಂದೇ ಸರ್." ನಾನು ಮುಳುಗಿದ್ದು ಇದರಲ್ಲಿ.

ಕೊಟ್ಟಿದ್ದು 10 ಮೀಟರ್ ಸ್ಪರ್ಧೆಯವರು ಬಳಸುವ ಪಿಸ್ತೂಲ್. ಅಂಗೈಗೆ ಅಚ್ಚು ಹೊಯ್ದಂಥ ಮರದ ಹಿಡಿ. ತೋಟದ ಗೋಡೌನಿನಲ್ಲಿ ಹತ್ತು ಮೀಟರ್ ಅಳೆದು ತಗಡಿನ ಮೇಲೆ ಕಾಗದ ಅಂಟಿಸಿದೆ. ಮೊದಲನೇ ದಿನವೇ ಒಂದು ಛರ್ರೆ ತಗಡಿಗೆ ಬಡಿದು ವಾಪಸ್ ಬಂದು ಕೆನ್ನೆ ಸವರಿತು. ಕನ್ನಡಕ ಹಾಕಿದ್ದೆ, ಪುಣ್ಯ. ಮಾರನೇ ದಿನ ತಗಡು ಕಿತ್ತು ಹಳೇ ಹತ್ತಿ ಮೂಟೆ ಇಟ್ಟೆ. ಒಂದು ಕಾಲಕ್ಕೆ ಹತ್ತಿ ಮಿಲ್ಲಿನ ಊರಾಗಿದ್ದ ದಾವಣಗೆರೆಯವರಿಗೆ ಅದಕ್ಕೇನು ಬರ, ಅಲ್ವಾ?

ಮೇ ತಿಂಗಳ ಹೊತ್ತಿಗೆ ಐದು ಛರ್ರೆಯೂ ಒಂದು ರೂಪಾಯಿ ನಾಣ್ಯದೊಳಗೆ ಬೀಳುತ್ತಿದ್ದವು. ಮನೆಗೆ ಬಂದವರಿಗೆಲ್ಲ ಆ ಕಾಗದ ತೋರಿಸಿದ್ದೇ ತೋರಿಸಿದ್ದು.

ಫಲಿತಾಂಶ ಬಂದ ಮೇಲೆ ರಿವಾಲ್ವರ್ ಬಿಡಿಸಿಕೊಂಡು ರೇಂಜಿಗೆ ಹೋದೆ. ಅದೇ ಹತ್ತು ಮೀಟರ್. ಆರು ಗುಂಡಿನಲ್ಲಿ ಕಾಗದಕ್ಕೆ ತಾಗಿದ್ದು ಎರಡು. ಅವೂ ಎಡಗಡೆ ಕೆಳಮೂಲೆಯಲ್ಲಿ. ಅಲ್ಲಿ ಕಲಿಸುವವರು ನಿವೃತ್ತ ಸುಬೇದಾರರು. ಏನೂ ಅನ್ನದೆ ರಿವಾಲ್ವರ್ ಇಸಕೊಂಡು, ನನಗೆ ಕಾಣದಂತೆ ಮೂರು ಗುಂಡು, ಮೂರು ಖಾಲಿ ತೋಟಾ ಬೆರೆಸಿ ತುಂಬಿ ಕೊಟ್ಟರು. ಖಾಲಿ ತೋಟಾ ಬಂದಾಗ ಬರೀ 'ಟಕ್' ಅಂತು. ಆದರೆ ನಳಿಗೆ ಮಾತ್ರ ಎರಡು ಬೆರಳಿನಷ್ಟು ಕೆಳಗೆ ಕುಕ್ಕಿತ್ತು. "ಗುಂಡು ತಪ್ಪು ಮಾಡ್ತಿಲ್ಲ ಯಜಮಾನ್ರೇ, ನಿಮ್ಮ ಬೆರಳು ಮಾಡ್ತಿದೆ" ಅಂದರು.

ಆಮೇಲೆ ಅವರು ಬಿಡಿಸಿ ಹೇಳಿದ್ದು ಇದು. ಸ್ಪರ್ಧೆಯ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ಎತ್ತಬೇಕು ಅಂತ ನಿಯಮ. ಎಲ್ಲರೂ ಅದರ ಆಸುಪಾಸಿನಲ್ಲೇ ಇಟ್ಟುಕೊಳ್ಳುತ್ತಾರೆ. ಉಸಿರು ತಾಗಿದರೆ ಸಾಕು ಅನ್ನುವಷ್ಟು ಹಗುರ. ರಿವಾಲ್ವರಿನಲ್ಲಿ ಹಾಗಲ್ಲ. ಒಂದೇ ಎಳೆತಕ್ಕೆ ತೋಟಾ ತುಂಬಿದ ಸಿಲಿಂಡರ್ ತಿರುಗಬೇಕು, ಹ್ಯಾಮರ್, ಅಂದರೆ ನಮ್ಮಜ್ಜ ಕುದುರೆ ಅನ್ನುತ್ತಿದ್ದದ್ದು, ಹಿಂದಕ್ಕೆ ಹೋಗಬೇಕು, ಆಮೇಲೆ ಬೀಳಬೇಕು. ನನ್ನದಕ್ಕೆ ತಕ್ಕಡಿ ಕೊಕ್ಕೆ ಹಾಕಿ ನೋಡಿದರೆ ಐದು ಕೆಜಿ ಹತ್ತಿರ! ಎರಡು ತಿಂಗಳು ನಾನು ಬೆರಳಿಗೆ ಕಲಿಸಿದ್ದೆಲ್ಲ ಇಲ್ಲಿ ಉಲ್ಟಾ.

ಚಿತ್ರದುರ್ಗದ ನಮ್ಮ ಷಡ್ಡಕನದು ಇನ್ನೊಂದು ಕಥೆ. ಅವನ ಹತ್ತಿರ ಇದ್ದದ್ದು .32 ಪಿಸ್ತೂಲ್ ಒಂದೇ, ಹಾಗಾಗಿ .22ಗೆ ಜಾಗ ಇತ್ತು. ಅಗ್ಗಕ್ಕೆ ಸಿಕ್ಕಿತು ಅಂತ .22 ರಿವಾಲ್ವರ್ ತಗೊಂಡ. ಅವನ ಆ ರಿವಾಲ್ವರಿಗೆ ಗುಂಡು ಹಾರದಂತೆ ತಡೆಯುವ ಸೇಫ್ಟಿ ಕೀಲು ಇಲ್ಲ, ಪಿಸ್ತೂಲಿಗೆ ಇದೆ. ವರ್ಷ ಕಳೆದು ಪಿಸ್ತೂಲ್ ಹಿಡಿದರೆ ಹೆಬ್ಬೆರಳಿಗೆ ಸೇಫ್ಟಿಯ ನೆನಪೇ ಇಲ್ಲ. ಟ್ರಿಗರ್ ಎಳೆದ, ಎಳೆದ, ಹೊಡೆಯಲೇ ಇಲ್ಲ. ಸಾಲದ್ದಕ್ಕೆ ಟಿವಿ ಮುಂದೆ ಕೂತು ಖಾಲಿ .22 ಅನ್ನು ಟಕಟಕ ಒತ್ತುತ್ತಿದ್ದ. .22 ತೋಟಾ ಹೊತ್ತಿಕೊಳ್ಳುವುದು ಅಂಚಿಗೆ ಪೆಟ್ಟು ಬಿದ್ದಾಗ. ತೋಟಾ ಇಲ್ಲದಿದ್ದರೆ ಆ ಪೆಟ್ಟು ಕೊಡುವ ಮೊಳೆ ಹೋಗಿ ಬಡಿಯುವುದು ತೋಟಾ ಕೂರುವ ಚೇಂಬರಿನ ಉಕ್ಕಿನ ಅಂಚಿಗೆ. ಅಲ್ಲಿ ಜಜ್ಜಿಹೋಗಿ ಈಗ ತೋಟಾ ಸಿಕ್ಕಿಹಾಕಿಕೊಳ್ಳುತ್ತವೆ.

ಹಾಗಾಗಿ ಕೊಳ್ಳುವ ಮುಂಚೆ ನಿಮ್ಮ ಸೊಂಟದಲ್ಲಿರುವುದು ಏನು ಅಂತ ನೋಡಿ. ರಿವಾಲ್ವರಾದರೆ ಅಭ್ಯಾಸಕ್ಕೂ ರಿವಾಲ್ವರೇ, ಪಿಸ್ತೂಲಾದರೆ ಸೇಫ್ಟಿ ಅದೇ ಜಾಗದಲ್ಲಿರುವ ಪಿಸ್ತೂಲೇ. ತೂಕ, ಹಿಡಿ, ನಳಿಗೆ ಮೇಲಿನ ಗುರಿಗಣ್ಣು ನಿಮ್ಮ ಆಯುಧದ್ದಕ್ಕೆ ಹತ್ತಿರವಿದ್ದರೆ ಒಳ್ಳೆಯದು. ಟ್ರಿಗರಿನಲ್ಲಿ ಮಾತ್ರ ರಾಜಿ ಬೇಡ. ಅಂಗಡಿಯವರನ್ನು ಕೇಳಿ, ಡಮ್ಮಿ ತೋಟಾ (ಮದ್ದಿಲ್ಲದ ನಕಲಿ ತೋಟಾ) ಹಾಕಿಸಿ ಹತ್ತು ಸಲ ಎಳೆದು ನೋಡಿ. ಬಿಡಲ್ಲ ಅಂದರೆ ಎದ್ದು ಬನ್ನಿ. ಇಷ್ಟೆಲ್ಲ ಹೊಂದಿದರೂ ದೊಡ್ಡ ಆಯುಧ ಗುಂಡು ಹಾರಿದಾಗ ಕೈಗೆ ಕೊಡುವ ಒದೆತವನ್ನು .22 ಕಲಿಸಲ್ಲ. ರೇಂಜಿಗೆ ಹೋದಾಗ ಕೊನೆಯ ಆರು ಗುಂಡು ನಿಮ್ಮದೇ ಆಯುಧದಲ್ಲಿ ಹೊಡೆಯಿರಿ.

ನಾನೀಗ ಮನೆಯಲ್ಲಿ ಮಾಡುವ ಅಭ್ಯಾಸ ರಿವಾಲ್ವರಿನಲ್ಲೇ, ಡಮ್ಮಿ ತೋಟಾ ಹಾಕಿ. ನಿಜವಾದ ತೋಟಾ ಡಬ್ಬಿ ಮಹಡಿ ಮೇಲಿನ ಬೀರುವಿನಲ್ಲಿ, ಬೀಗದ ಕೈ ಮನೆಯವಳ ಹತ್ತಿರ. ಸಿಲಿಂಡರ್ ನಾನೊಮ್ಮೆ, ಅವಳೊಮ್ಮೆ ನೋಡಿದ ಮೇಲೆಯೇ ಶುರು. ದಿನಕ್ಕೆ ಇಪ್ಪತ್ತು ಎಳೆತ, ಅಷ್ಟೇ. ಏರ್ ಪಿಸ್ತೂಲನ್ನು ಅದೇ ಅಂಗಡಿಗೆ ಒಯ್ದಿದ್ದೆ. 15,000ಕ್ಕಿಂತ ಒಂದು ಪೈಸೆ ಜಾಸ್ತಿ ಇಲ್ಲ ಅಂದರು.