ಕಣ್ಣೂರು ಏರ್‌ಪೋರ್ಟ್ ಸೆಕ್ಯುರಿಟಿ ಚೆಕ್: ಕಾಚಂಪುಳಿ, ಜೇನು, ಪೀಚೆಕತ್ತಿ ಒಯ್ಯುವವರಿಗೆ

ಕೊಡಗಿನ ವಿರಾಜಪೇಟೆ ಕಡೆಯವರು ಮಾಕುಟ್ಟ ಘಾಟಿ ಇಳಿದರೆ ಕೇರಳದಲ್ಲಿ ಸಿಗುವ ಈ ವಿಮಾನ ನಿಲ್ದಾಣ 2018ರ ಡಿಸೆಂಬರ್‌ನಲ್ಲಿ ಶುರುವಾಯಿತು. ತಪಾಸಣೆ ಸಿಐಎಸ್‌ಎಫ್‌ನದು (ಕೇಂದ್ರ ಕೈಗಾರಿಕಾ ಭದ್ರತಾ ಪಡೆ). ಬಿಗಿಯಾದ, ನಂಬಬಹುದಾದ ವ್ಯವಸ್ಥೆ. ಆದರೆ ಸಾಮಾನನ್ನು ಮನೆಯಲ್ಲೇ ವಿಂಗಡಿಸಿಕೊಂಡು ಬಂದವರಿಗಷ್ಟೇ ಸಲೀಸು.

ಈ ಬಿಗಿ ಸುಮ್ಮನೆ ಬಂದದ್ದಲ್ಲ. 1976ರಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನ ಅಪಹರಣವಾದ ಮೇಲೆ ಪಾಂಡೆ ಸಮಿತಿಯ ಶಿಫಾರಸಿನಂತೆ 1978ರಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಹುಟ್ಟಿತು. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ಐಸಿ-814 ವಿಮಾನವನ್ನು ಅಪಹರಣಕಾರರು ಅಫ್ಘಾನಿಸ್ತಾನದ ಕಂದಹಾರ್‌ಗೆ ಒಯ್ದರು. ಅದಾಗಿ ಎರಡು ತಿಂಗಳೊಳಗೆ, 2000ರ ಫೆಬ್ರುವರಿಯಲ್ಲಿ, ಜೈಪುರದಿಂದ ಆರಂಭಿಸಿ ನಿಲ್ದಾಣಗಳ ಕಾವಲು ಸಿಐಎಸ್‌ಎಫ್‌ಗೆ ಬಂತು.

ಗಲ್ಫ್‌ಗೆ ಹೋಗುವವರು ಎಡವುವುದು ದ್ರವದಲ್ಲಿ. 2006ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದಾಗಿನಿಂದ ಕೈಚೀಲದಲ್ಲಿ ಒಂದೊಂದು ಬಾಟಲಿಗೂ 100 ಮಿ.ಲೀ. ಮಿತಿ, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿರಬೇಕು. ಲೆಕ್ಕ ಬಾಟಲಿಯ ಗಾತ್ರದ್ದು. 250 ಮಿ.ಲೀ. ಬಾಟಲಿಯ ತಳದಲ್ಲಿ ನಾಲ್ಕು ಚಮಚ ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಇದ್ದರೂ ಬಿಡುವುದಿಲ್ಲ. ಜೇನೂ ದ್ರವವೇ. ಎಕ್ಸ್‌ರೇ ಪರದೆಯಲ್ಲಿ ಲೋಹ ನೀಲಿಯಾಗಿ, ಜೇನು, ಕಾಫಿಪುಡಿಯಂಥವು ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ. ಹೆಚ್ಚಿನ ಸ್ಫೋಟಕಗಳ ಬಣ್ಣವೂ ಅದೇ. ದಪ್ಪ ಕಟ್ಟನ್ನು ಬಿಚ್ಚಿಸಿ ನೋಡುವುದು ಅದಕ್ಕೇ, ಬೇಸರ ಬೇಡ.

ಇವನ್ನೆಲ್ಲ ಚೆಕ್‌ಇನ್ ಬ್ಯಾಗಿಗೆ ಹಾಕಿ. ಎತ್ತರದಲ್ಲಿ ಒತ್ತಡ ಇಳಿದಾಗ ಬಾಟಲಿಯೊಳಗಿನ ಗಾಳಿ ಹಿಗ್ಗಿ ಜೇನನ್ನು ಮುಚ್ಚಳದಿಂದ ಹೊರದಬ್ಬುತ್ತದೆ. ಪ್ಲಾಸ್ಟಿಕ್ ಬಾಟಲಿಯಾದರೆ ಸ್ವಲ್ಪ ಹಿಸುಕಿ ಗಾಳಿ ತೆಗೆದು ಮುಚ್ಚಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಕವರ್ ಹಾಕಿ ಬಟ್ಟೆಗಳ ನಡುವೆ ಇಡಿ. ಪವರ್ ಬ್ಯಾಂಕ್ ಮಾತ್ರ ಇದಕ್ಕೆ ತದ್ವಿರುದ್ಧ: ಕೈಚೀಲದಲ್ಲೇ ಇರಬೇಕು.

ಮದುವೆಗೆ ಹೊರಟವರ ಪೀಚೆಕತ್ತಿಗೆ (ಕೊಡವರು ಸೊಂಟಕ್ಕೆ ಸಿಗಿಸುವ ಸಾಂಪ್ರದಾಯಿಕ ಕಿರುಗತ್ತಿ) ಬೆಳ್ಳಿಯ ಒರೆ ಇದ್ದರೂ ಅದು ಕತ್ತಿಯೇ. ದೇಶದೊಳಗಿನ ವಿಮಾನದಲ್ಲಿ ಸಿಖ್ಖರ ಕಿರ್ಪಾನ್‌ಗೆ (ಅಲಗು 15.24 ಸೆಂ.ಮೀ. ಮೀರದಿದ್ದರೆ) ಇರುವ ವಿನಾಯಿತಿ ಇದಕ್ಕಿಲ್ಲ. ಒರೆಸಮೇತ ದಪ್ಪ ಬಟ್ಟೆಯಲ್ಲಿ ಸುತ್ತಿ ಚೆಕ್‌ಇನ್‌ಗೇ ಕೊಡಿ. ಚೆಕ್‌ಇನ್ ಬ್ಯಾಗ್ ಒಳಗೆ ಹೋದ ಮೇಲೆ ಕತ್ತಿ ಕೈಚೀಲದಲ್ಲಿ ಸಿಕ್ಕರೆ, ಕೌಂಟರಿಗೆ ವಾಪಸ್ ಓಡಬೇಕು, ಇಲ್ಲವೇ ಬಿಟ್ಟು ಹತ್ತಬೇಕು.

ಕೋವಿಗೆ (ಬಂದೂಕು) ಪರವಾನಗಿ ಬೇಡವೆಂದು ಕೊಡವರಿಗೆ ಸಿಗುವ ವಿನಾಯಿತಿ ಪತ್ರವಿದ್ದರೂ ಅದನ್ನು ಕ್ಯಾಬಿನ್ನಿಗೆ ಒಯ್ಯುವಂತಿಲ್ಲ. ವಿಮಾನ ಕಂಪನಿಗೆ ಮೊದಲೇ ತಿಳಿಸಿ, ಗುಂಡು ತೆಗೆದು, ಕೌಂಟರಿನಲ್ಲಿ ಹೇಳಿಯೇ ಒಪ್ಪಿಸಬೇಕು. ತೋಟಕ್ಕೆ ಒಯ್ದ ಬ್ಯಾಗನ್ನೇ ಪ್ರಯಾಣಕ್ಕೂ ತೆಗೆದುಕೊಳ್ಳುವವರು ಒಳಜೇಬುಗಳನ್ನೆಲ್ಲ ಒಮ್ಮೆ ಕೊಡವಿ ನೋಡಿ: ಮರೆತ ಒಂದೇ ಒಂದು ತೋಟಾ (ಕೋವಿಯ ಗುಂಡು) ಸಿಕ್ಕರೂ ನಿಮ್ಮನ್ನು ಪೊಲೀಸರಿಗೆ ಒಪ್ಪಿಸುತ್ತಾರೆ.