ಏರೋಬಾರ್ ನಡುವೆ ಬಾಟಲಿ ಕಟ್ಟಿದ್ದೀರಾ? ಕೇಬಲ್ ಟೈ ಒಮ್ಮೆ ಎಳೆದು ನೋಡಿ

ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರೂ ಇರುವ ಸ್ಪರ್ಧೆ) ಸೈಕಲ್ಲಿನ ಏರೋಬಾರ್, ಅಂದರೆ ಮುಂಗೈ ಊರಿ ಬಾಗಲು ಹ್ಯಾಂಡಲಿನಿಂದ ಮುಂದಕ್ಕೆ ಚಾಚಿದ ಜೋಡಿ ಕೊಳವೆ, ಅದರ ನಡುವೆ ನೀರಿನ ಬಾಟಲಿ ಕಟ್ಟಿಕೊಂಡು ಕಾರವಾರ–ಅಂಕೋಲೆ ಹೆದ್ದಾರಿಗೆ ಇಳಿಯುವವರಿಗೆ ಈ ಮಾತು. ನಮ್ಮ ಗುಂಪಿನವರೊಬ್ಬರು ಕಳೆದ ವಾರ ಇದರಿಂದಲೇ ಬಿದ್ದು ಕೊರಳೆಲುಬು ಬಿರುಕು ಬಿಟ್ಟಿದೆ. ವೇಗ ತಗ್ಗಿಸಲಿ ಎಂದು ರಸ್ತೆಗೆ ಅಡ್ಡಡ್ಡ ಬಳಿದಿರುತ್ತಾರಲ್ಲ, ಆ ದಪ್ಪ ಬಿಳಿ ಪಟ್ಟಿಗಳ ಮೇಲೆ ಸೈಕಲ್ ಗಡಗಡ ಅಂದಾಗ ಬಾಟಲಿ ಕೂರಿಸುವ ಕೇಜನ್ನು ಕಟ್ಟಿದ್ದ ಮುಂದಿನ ಕೇಬಲ್ ಟೈ (ಎಳೆದು ಬಿಗಿಯುವ ಪ್ಲಾಸ್ಟಿಕ್ ಪಟ್ಟಿ) ತುಂಡಾಯಿತು. ಭಾರವೆಲ್ಲ ಹಿಂದಿನದಕ್ಕೆ ಬಿದ್ದು ಅದೂ ಹೋಯಿತು. ಕೇಜ್ ಸಮೇತ ಬಾಟಲಿ ಮುಂದಿನ ಚಕ್ರಕ್ಕೇ ಅಡ್ಡ. ಏರೋಬಾರ್ ಮೇಲೆ ಮಲಗಿದ್ದಾಗ ಬ್ರೇಕ್ ಕೈಗೆಟಕುವ ಜಾಗದಲ್ಲಿ ಇರುವುದಿಲ್ಲ, ಗೊತ್ತಲ್ಲ.

ರಸ್ತೆಯಿಂದ ಹೆಕ್ಕಿ ತಂದ ಟೈ ನೋಡಿದರೆ ಎಲ್ಲ ತಿಳಿಯುತ್ತದೆ. 2.5 ಮಿ.ಮೀ. ಅಗಲದ ಬಿಳಿ ಟೈ, ವೈರ್ ಕಟ್ಟಲು ಬಳಸುವಂಥದ್ದು. ತುಂಡಾದ ತುದಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು, ಉಳಿದ ಭಾಗ ಬಗ್ಗಿಸಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಬಿಳಿ ನೈಲಾನ್ ಬಿಸಿಲಿಗೆ ಹೀಗೇ ಆಗುವುದು. ಕಪ್ಪು ಟೈಯಲ್ಲಿ ಬೆರೆಸಿದ ಮಸಿ ಬಿಸಿಲನ್ನು ತಡೆಯುತ್ತದೆ, ಹಾಗಾಗಿ ಹೊರಗಿನ ಕೆಲಸಕ್ಕೆ ಅದೇ ಸರಿ. ಅದರ ಮೇಲೆ ಇಲ್ಲಿ ಕಟ್ಟಿದ್ದು ಎರಡೇ ಟೈ, ಅದೂ ಬರಿಯ ಅಲ್ಯೂಮಿನಿಯಂ ಕೊಳವೆಯ ಮೇಲೆ. ಬೆವರು ತೊಟ್ಟಿಕ್ಕಿ ಒದ್ದೆಯಾದ ಕೊಳವೆಯ ಮೇಲೆ ಕೇಜ್ ಜಾರದೆ ಇನ್ನೇನು ಮಾಡೀತು?

4.8 ಮಿ.ಮೀ. ಅಗಲದ ಕಪ್ಪು ಟೈ ನಾಲ್ಕು ತನ್ನಿ: ಮುಂದೆ ಎರಡು, ಹಿಂದೆ ಎರಡು. ಟೈ ಕೂರುವ ಜಾಗದಲ್ಲಿ ಕೊಳವೆಗೆ ಮೊದಲು ಹಳೇ ಟ್ಯೂಬಿನ ತುಂಡನ್ನು ಬಿಗಿಯಾಗಿ ಸುತ್ತಿ. ರಬ್ಬರ್ ಹಿಡಿತವೇ ಇಲ್ಲಿ ಮುಖ್ಯ, ಟೈ ಅದನ್ನು ಅದುಮಿ ಹಿಡಿಯುವುದಷ್ಟೆ. ಟೈಗಳು ಕೇಜಿನ ಬೆನ್ನಿನ ಮೇಲೆ ಕತ್ತರಿಯಾಕಾರದಲ್ಲಿ ದಾಟಲಿ, ಆಗ ಕೇಜ್ ಪಕ್ಕಕ್ಕೆ ತಿರುಗುವುದಿಲ್ಲ. ಬಾಟಲಿಯ ಬಾಯಿ ನಿಮ್ಮ ಕಡೆಗೇ ಇರಬೇಕು. ಬ್ರೇಕ್ ಹಾಕಿದಾಗ ಬಾಟಲಿ ಮುಂದಕ್ಕೆ ನುಗ್ಗುತ್ತದೆ, ಕೇಜಿನ ತಳ ಅಲ್ಲಿ ತಡೆಯುತ್ತದೆ. ತಿರುಗಿಸಿ ಇಟ್ಟರೆ ತಡೆಯಲು ಏನೂ ಇಲ್ಲ.

ಗೇರ್ ಕೇಬಲ್ ಕೊಳವೆಯ ಹೊರಗೆ ಹಾದಿದ್ದರೆ ಟೈ ಅದರ ಮೇಲೆ ಬೀಳದಂತೆ ನೋಡಿ, ಅದುಮಿದರೆ ಗೇರ್ ತಾನಾಗಿ ಹಾರುತ್ತದೆ. ಟೈಯ ಬಾಲವನ್ನು ನೈಲ್ ಕಟರ್‌ನಿಂದ ಬುಡಕ್ಕೇ ಕತ್ತರಿಸಿ. ಓರೆಯಾಗಿ ಉಳಿದ ತುದಿ ಮುಂಗೈಯನ್ನು ಬ್ಲೇಡಿನಂತೆ ಸೀಳುತ್ತದೆ.

ಇನ್ನೊಂದು ಕೆಲಸ ಯಾರೂ ಮಾಡುವುದಿಲ್ಲ, ದಯವಿಟ್ಟು ಮಾಡಿ ಮಾರಾಯ್ರೆ: ಟ್ಯೂಬಿನಿಂದ ಒಂದು ಬಳೆ ಕತ್ತರಿಸಿ ಬಾಟಲಿಯ ಕತ್ತಿಗೂ ಕೊಳವೆಗೂ ಸೇರಿಸಿ ಹಾಕಿ. ಟೈ ಹೋದರೂ ಬಾಟಲಿ ನೇತಾಡುತ್ತದೆ, ನಿಲ್ಲಿಸಲು ಸಮಯ ಸಿಗುತ್ತದೆ.

750 ಮಿ.ಲೀ. ಬಾಟಲಿ ತುಂಬಿದರೆ 800 ಗ್ರಾಂ ದಾಟುತ್ತದೆ. ಅದನ್ನು ಹಾಕಿಯೇ ಪರೀಕ್ಷೆ ಮಾಡಿ. ಮುಂದಿನ ಚಕ್ರವನ್ನು ಗೇಣೆತ್ತರ ಎತ್ತಿ ಹತ್ತು ಸಲ ಬಿಡಿ. ಕೇಜ್ ಕೂದಲೆಳೆಯಷ್ಟು ಸರಿದರೂ ಬಿಚ್ಚಿ ಮತ್ತೆ ಕಟ್ಟಿ.

ಟೈ ಬದಲು ಬೋಲ್ಟಿನಿಂದ ಕೂರಿಸುವ ರೆಡಿಮೇಡ್ ಬಾಟಲಿ ಹಿಡಿಕೆ ಇರುವವರು ಬೋಲ್ಟಿಗೆ ಗ್ರೀಸ್ ಹಚ್ಚಿ, ನಮ್ಮ ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿಯುವವರು ಕುಮಟೆಯ ಬಯಲು ಸಿಗುವವರೆಗೆ ಬಾಟಲಿಯನ್ನು ಫ್ರೇಮಿನ ಕೇಜಿಗೆ ಹಾಕಿಕೊಳ್ಳಿ. ಟೈಯ ತಲೆಯ ಹತ್ತಿರ ಬಿಳಿ ಗೆರೆ ಕಂಡರೆ ನಾಲ್ಕನ್ನೂ ಅಂದೇ ಬದಲಿಸಿ.