ಹಳೇ ಎಂಜಿಬಿಗೆ ಆಟೋಮ್ಯಾಟಿಕ್ ಎಲೆಕ್ಟ್ರಿಕ್ ಫ್ಯಾನ್: ಹಲವು ವರ್ಷ ಓಡಿಸಿದ ಮೇಲೆ ಬರೀತಿರೋ ವಿಮರ್ಶೆ

ಗಾಡಿ ಬ್ರಿಟನ್ನಿನ ಎಂಜಿ ಕಂಪನಿಯ ಓಪನ್ ಸ್ಪೋರ್ಟ್ಸ್ ಕಾರು, 1970ರ ಎಂಜಿಬಿ ರೋಡ್‌ಸ್ಟರ್. 1798 ಸಿಸಿ ಇಂಜಿನ್, ಎರಡು ಎಸ್‌ಯು ಕಾರ್ಬುರೇಟರು, ಇಂಜಿನ್ ಒಳಗೆ ಕಂಪನಿಯವ್ರು ಕೊಟ್ಟಿದ್ದು ಹೆಂಗಿತ್ತೋ ಹಂಗೇ ಇದೆ. ಬೆಲ್ಟಲ್ಲಿ ತಿರುಗೋ ಫ್ಯಾನ್ ಬಿಚ್ಚಿ, ಬಿಸಿ ನೋಡಿ ತಾನೇ ಆನ್ ಆಫ್ ಆಗೋ ಎಲೆಕ್ಟ್ರಿಕ್ ಫ್ಯಾನ್ ಕಿಟ್ ಹಾಕಿ ಹಲವು ವರ್ಷ ಆಯ್ತು. ಬೇಸಿಗೆ ಟ್ರಾಫಿಕ್ಕು, ಬೆಟ್ಟದ ಏರು, ಜೋರು ಮಳೆ, ಉದ್ದದ ಹೈವೇ ಓಟ ಎಲ್ಲಾದ್ರಲ್ಲೂ ನೋಡಿದೀನಿ. ಕಿಟ್ ತಗೊಳೋರು ಫ್ಯಾನ್ ಎಷ್ಟು ಇಂಚು, ಎಷ್ಟು ಗಾಳಿ ಎಳೆಯತ್ತೆ ಅಂತಾನೇ ಕೇಳ್ತಾರೆ, ನನ್ನ ಅನುಭವದಲ್ಲಿ ಅದು ಎರಡನೇ ಪ್ರಶ್ನೆ. ಆ ಫ್ಯಾನನ್ನ ಯಾವಾಗ ಆನ್ ಮಾಡ್ಬೇಕು ಅಂತ ತೀರ್ಮಾನ ಮಾಡೋ ಸ್ವಿಚ್ಚು ಮತ್ತೆ ಅದಕ್ಕೆ ಕರೆಂಟ್ ತರೋ ವೈರಿಂಗು, ಈ ಕನ್ವರ್ಷನ್ ಚೆನ್ನಾಗಾಗೋದು ಕೆಡೋದು ಎರಡೂ ಅಲ್ಲೇ.

ಮೊದ್ಲು ಯಾಕೆ ಹಾಕ್ಬೇಕು ಅನ್ನೋದು. ಬೆಲ್ಟ್ ಫ್ಯಾನಿನ ಲೆಕ್ಕಾನೇ ತಲೆಕೆಳಗು. ಗಾಡಿ ನಿಂತಿದ್ದಾಗ ಗಾಳಿ ಜಾಸ್ತಿ ಬೇಕು, ಆಗ ಇಂಜಿನ್ 800 ಆರ್‌ಪಿಎಮ್ ಆಸುಪಾಸಲ್ಲಿ ಇರತ್ತೆ, ಫ್ಯಾನ್ ನಿಧಾನವಾಗಿ ತಿರುಗ್ತಿರತ್ತೆ. ಗಾಡಿ ಓಡ್ತಿದ್ರೆ ಗ್ರಿಲ್ ಇಂದ ಬರೋ ಗಾಳೀನೇ ಸಾಕು, ಆದ್ರೆ ಆಗ ಫ್ಯಾನ್ ಹುಚ್ಚೆದ್ದು ತಿರುಗತ್ತೆ. ಫ್ಯಾನ್ ತಿರುಗಿಸೋಕೆ ಬೇಕಾಗೋ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರತ್ತೆ, ಅಂದ್ರೆ ಆರ್‌ಪಿಎಮ್ ಎರಡರಷ್ಟಾದ್ರೆ ಶಕ್ತಿ ಎಂಟರಷ್ಟು ಬೇಕು, ಆ ಶಕ್ತಿ ಎಲ್ಲಾ ಸದ್ದಾಗಿ ಗಾಳಿಯಾಗಿ ಸುಮ್ನೆ ಹೋಗತ್ತೆ. ಇದು ಎಂಜಿ ಕಂಪನಿಗೂ ಗೊತ್ತಿತ್ತು, 1973ರಲ್ಲಿ ಬಂದ ಎಂಜಿಬಿ ಜಿಟಿ ವಿ8ಗೆ ಅವರೇ ಎರಡು ಎಲೆಕ್ಟ್ರಿಕ್ ಫ್ಯಾನ್ ಕೊಟ್ರು, 1977ರ ಮಾಡೆಲಿಂದ ನಾಲ್ಕು ಸಿಲಿಂಡರ್ ಗಾಡಿಗೂ ರೇಡಿಯೇಟರ್ ಮುಂದಕ್ಕೆ ಸರಿಸಿ ಎಲೆಕ್ಟ್ರಿಕ್ ಫ್ಯಾನ್ ಹಾಕಿದ್ರು. ಹಾಗಾಗಿ ಇದು ಗಾಡಿಯ ಸ್ವಭಾವಕ್ಕೆ ವಿರುದ್ಧದ ಕೆಲಸ ಅಂತ ನಂಗೆ ಅನ್ಸಲ್ಲ.

ಹಾಕಿದ್ಮೇಲೆ ಮೊದ್ಲು ಗೊತ್ತಾಗೋದು ಸದ್ದು. 3000 ಆರ್‌ಪಿಎಮ್ ದಾಟಿದ್ಮೇಲೆ ಬರ್ತಿದ್ದ ಆ ಗುಂಯ್ ಅನ್ನೋ ಗಾಳಿ ಸದ್ದು ಇಲ್ಲವೇ ಇಲ್ಲ, ಎಕ್ಸಾಸ್ಟ್ ಸದ್ದು, ಕಾರ್ಬುರೇಟರ್ ಉಸಿರೆಳೆಯೋ ಸದ್ದು ಈಗ ನಿಜವಾಗ್ಲೂ ಕೇಳ್ಸತ್ತೆ, ಇಂಥಾ ಗಾಡಿ ಇಟ್ಕೊಳೋದೇ ಅದಕ್ಕಲ್ವಾ. ಬೆಳಗ್ಗೆ ಇಂಜಿನ್ ಬೇಗ ಬಿಸಿ ಆಗತ್ತೆ, ಚೋಕ್ ಬೇಗ ಒಳಗೆ ತಳ್ಳಬಹುದು. ಪವರ್ ಜಾಸ್ತಿ ಆಯ್ತಾ ಅಂದ್ರೆ ಮೇಲಿನ ಆರ್‌ಪಿಎಮ್‌ನಲ್ಲಿ ಇಂಜಿನ್ ಸ್ವಲ್ಪ ಹಗುರ ಅನ್ಸತ್ತೆ, ಅಷ್ಟೇ, ಅದಕ್ಕೋಸ್ಕರ ಯಾರೂ ಹಾಕಿಸ್ಬೇಡಿ.

ಜಾಗದ ವಿಷ್ಯ. ನನ್ನ ಗಾಡಿ ಕಾಲದ ಎಂಜಿಬಿಲಿ ರೇಡಿಯೇಟರ್ ಇಂಜಿನ್ ಹತ್ರಾನೇ ಕೂತಿದೆ, ವಾಟರ್ ಪಂಪ್ ಪುಲ್ಲಿಗೂ ರೇಡಿಯೇಟರಿಗೂ ನಡುವೆ ಮೋಟರ್ ಕೂರಿಸೋಷ್ಟು ಜಾಗ ಸಿಗೋದು ಕಷ್ಟ, ಮುಂದೆ ಗ್ರಿಲ್ ಕಡೆ ಬೇಕಾದಷ್ಟಿದೆ. ಹಿಂದಿನಿಂದ ಎಳೆಯೋ ಫ್ಯಾನ್ ಒಳ್ಳೇದು ಅಂತಾರೆ, ನಿಜ, ಮುಂದೆ ಕೂತ ಫ್ಯಾನು ಓಡುವಾಗ ಬರೋ ಗಾಳಿಗೆ ಸ್ವಲ್ಪ ಅಡ್ಡ ಬರತ್ತೆ, ಆದ್ರೆ ನಂದು ಮುಂದೆ ಇಂದ ತಳ್ಳೋ ಫ್ಯಾನೇ, ಹೈವೇಲಿ ಅದರಿಂದ ಏನೂ ತೊಂದ್ರೆ ಕಂಡಿಲ್ಲ. ಬಹಳ ಕಿಟ್‌ಗಳಲ್ಲಿ ಒಂದೇ ಫ್ಯಾನನ್ನ ಎರಡೂ ತರಹ ಹಾಕಬಹುದು, ಆದ್ರೆ ಆಗ ವೈರ್ ಅದಲು ಬದಲು ಮಾಡಿದ್ರೆ ಮಾತ್ರ ಸಾಲದು, ರೆಕ್ಕೆಗಳನ್ನೂ ತಿರುಗಿಸಿ ಹಾಕ್ಬೇಕು, ಇಲ್ದಿದ್ರೆ ಗಾಳಿ ಸರಿಯಾದ ದಿಕ್ಕಿಗೇ ಹೋಗತ್ತೆ ಆದ್ರೆ ಕಮ್ಮಿ ಹೋಗತ್ತೆ, ಅದು ಬೇಗ ಗೊತ್ತೇ ಆಗಲ್ಲ.

ಕಿಟ್ ಜೊತೆ ರೇಡಿಯೇಟರ್ ಜಾಲರಿ ಒಳಗಿಂದಾನೇ ತೂರಿಸಿ ಬಿಗಿಯೋ ಪ್ಲಾಸ್ಟಿಕ್ ಪಿನ್ನುಗಳು ಬಂದಿದ್ವು. ದಯವಿಟ್ಟು ಅವನ್ನ ಬಳಸ್ಬೇಡಿ. ಗಾಡಿ ಅದುರೋವಾಗ ಫ್ಯಾನಿನ ಭಾರ ಪೂರ್ತಿ ಆ ತೆಳು ಫಿನ್ನುಗಳ ಮೇಲೆ, ಟ್ಯೂಬುಗಳ ಮೇಲೆ ಉಜ್ತಾ ಇರತ್ತೆ, ಒಂದಲ್ಲ ಒಂದಿನ ಅಲ್ಲಿ ತೂತು ಗ್ಯಾರಂಟಿ. ನನ್ನ ಗಾಡಿಲಿ ಅಲ್ಯೂಮಿನಿಯಂ ಪಟ್ಟಿ ಬಗ್ಗಿಸಿ ರೇಡಿಯೇಟರ್ ಪಕ್ಕದ ಫ್ರೇಮಿಗೆ ಬೋಲ್ಟ್ ಮಾಡಿದೆ, ಫ್ಯಾನ್ ಜಾಲರಿನ ಮುಟ್ಟೋದೇ ಇಲ್ಲ. ಇನ್ನೊಂದು, ಹಳೇ ಫ್ಯಾನ್ ಬಿಚ್ಚಿದಾಗ ಅದೇ ಬೋಲ್ಟುಗಳೇ ಪುಲ್ಲಿನೂ ಹಿಡ್ಕೊಂಡಿರತ್ತೆ, ಫ್ಯಾನಿನ ದಪ್ಪ ಹೋಯ್ತಲ್ಲ, ಬೋಲ್ಟ್ ಉದ್ದ ಆಗ್ಬಿಡತ್ತೆ. ಪುಲ್ಲಿ ಬಿಗಿಯಾಗಿ ಕೂರಬೇಕು, ಬೋಲ್ಟ್ ತುದಿ ಹಿಂದೆ ಪಂಪ್ ಬಾಡಿಗೆ ತಾಗಬಾರ್ದು, ಅದಕ್ಕೆ ಗಿಡ್ಡ ಬೋಲ್ಟು ಇಲ್ಲಾ ದಪ್ಪ ವಾಷರ್ ಬೇಕೇ ಬೇಕು. ಕಿಟ್ ಕೈಪಿಡಿಲಿ ಇದರ ಬಗ್ಗೆ ಒಂದು ಸಾಲೂ ಇರ್ಲಿಲ್ಲ, ಇದು ದೊಡ್ಡ ಕೊರತೆ.

ಈಗ ಸ್ವಿಚ್ಚಿಗೆ ಬರ್ತೀನಿ. ಕಿಟ್‌ನಲ್ಲಿ ಬಂದಿದ್ದು ತಾಮ್ರದ ತೆಳು ನಳಿಗೆ ಇರೋ ತರಹದ್ದು, ಅದರ ತುದಿನ ಮೇಲಿನ ಹೋಸ್ ಒಳಗೆ ತೂರಿಸಿ, ನಳಿಗೆ ಹೊರಗೆ ಬರೋ ಕಡೆ ರಬ್ಬರ್ ಸೀಲ್ ಇಟ್ಟು ಕ್ಲಿಪ್ ಬಿಗಿಯೋದು. ಕೆಲಸ ಮಾಡತ್ತೆ, ನಾಬ್ ತಿರುಗಿಸಿ ಬೇಕಾದ ಡಿಗ್ರಿಗೆ ಇಡಬಹುದು, ಅದು ಅದರ ಒಳ್ಳೇ ಗುಣ. ಆದ್ರೆ ರಬ್ಬರ್ ಗಟ್ಟಿ ಆಗ್ತಾ ಬಂದಂಗೆ ಅಲ್ಲಿ ಕೂಲಂಟ್ ಜಿನುಗೋಕೆ ಶುರು, ಕ್ಲಿಪ್ ಬಿಗಿ ಮಾಡಿದ್ರೆ ಸ್ವಲ್ಪ ದಿನ ನಿಲ್ಲತ್ತೆ, ಮತ್ತೆ ಜಿನುಗತ್ತೆ. ಕೊನೆಗೆ ಹೋಸನ್ನ ಮಧ್ಯ ಕತ್ತರಿಸಿ ಅಲ್ಯೂಮಿನಿಯಂ ಅಡಾಪ್ಟರ್ ತುಂಡು ಹಾಕಿ ಅದರಲ್ಲಿ ಸ್ಕ್ರೂ ಆಗೋ ಸ್ವಿಚ್ ಕೂರಿಸಿದೆ, ಆಮೇಲೆ ಒಂದು ಹನಿ ಬಿದ್ದಿಲ್ಲ. ಅಡಾಪ್ಟರ್ ಹಾಕೋರಿಗೆ ಒಂದು ಮಾತು: ಅದರ ಎರಡೂ ಕಡೆ ರಬ್ಬರ್ ಹೋಸ್ ಇರೋದ್ರಿಂದ ಅದಕ್ಕೆ ಅರ್ಥ್ (ಗಾಡಿ ಬಾಡಿ ಮೂಲಕ ಕರೆಂಟ್ ವಾಪಸ್ ಹೋಗೋ ದಾರಿ) ಸಿಗಲ್ಲ, ಸ್ವಿಚ್ಚಿಗೆ ಒಂದೇ ಟರ್ಮಿನಲ್ ಇದ್ರೆ ಅಡಾಪ್ಟರಿಂದ ಬಾಡಿಗೆ ಬೇರೆ ಅರ್ಥ್ ವೈರ್ ಎಳೀಬೇಕು.

ಡಿಗ್ರಿ ಎಷ್ಟಕ್ಕೆ ಇಡ್ಬೇಕು? ನನ್ನ ಇಂಜಿನ್ನಿನಲ್ಲಿರೋದು 82 ಡಿಗ್ರಿ ಥರ್ಮೋಸ್ಟಾಟ್, ಅಂದ್ರೆ ನೀರು ಅಷ್ಟು ಬಿಸಿ ಆದ್ಮೇಲೆ ಮಾತ್ರ ರೇಡಿಯೇಟರಿಗೆ ಬಿಡೋ ವಾಲ್ವು. ಮೇಲಿನ ಹೋಸಲ್ಲಿ ಸ್ವಿಚ್ ಇದ್ರೆ ಅದು ಇಂಜಿನ್ನಿಂದ ಹೊರಗೆ ಬರೋ ನೀರನ್ನ ನೋಡತ್ತೆ, ಅಂದ್ರೆ ಸ್ವಿಚ್ ಆನ್ ಆಗೋದೂ ಆಫ್ ಆಗೋದೂ ಎರಡೂ ಥರ್ಮೋಸ್ಟಾಟಿಗಿಂತ ಮೇಲೇನೇ ಇರಬೇಕು. ನಂದು 92ಕ್ಕೆ ಆನ್ 87ಕ್ಕೆ ಆಫ್. ಭಯಕ್ಕೆ ಅಂತ 80ಕ್ಕೆ ಇಟ್ರೆ ಫ್ಯಾನ್ ನಿಲ್ಲೋದೇ ಇಲ್ಲ, ಯಾಕಂದ್ರೆ ಅಷ್ಟಕ್ಕೆ ಇಳಿಯೋಕೆ ಥರ್ಮೋಸ್ಟಾಟೇ ಬಿಡಲ್ಲ. 92 ಅಂದ್ರೆ ಕುದಿಯೋಕೆ ಹತ್ರ ಅಲ್ವಾ ಅಂತ ಹೆದರೋರು ರೇಡಿಯೇಟರ್ ಕ್ಯಾಪ್ ನೆನಪಿಟ್ಕೊಳಿ, 10 ಪಿಎಸ್‌ಐ ಕ್ಯಾಪ್ ಒತ್ತಡ ಸರಿಯಾಗಿ ಹಿಡೀತಿದ್ರೆ ಬರೀ ನೀರು ಕೂಡ 115 ಡಿಗ್ರಿ ಹತ್ರ ಹೋಗೋವರೆಗೂ ಕುದಿಯಲ್ಲ. ಸ್ವಿಚ್ಚನ್ನ ರೇಡಿಯೇಟರ್ ಕೆಳಗಿನ ಕಡೆ ಹಾಕೋರೂ ಇದಾರೆ, ಅಲ್ಲಿ ತಣ್ಣಗಾದ ನೀರು ಇರೋದ್ರಿಂದ ಡಿಗ್ರಿ ಲೆಕ್ಕಾನೇ ಬೇರೆ, ಇದನ್ನ ಅಲ್ಲಿಗೆ ಕಾಪಿ ಮಾಡ್ಬೇಡಿ.

ವೈರಿಂಗ್. ಓಡ್ತಿರೋವಾಗ ನನ್ನ ಫ್ಯಾನ್ 10 ಆಂಪ್ ಹತ್ರ ಎಳೆಯತ್ತೆ, ಶುರು ಆಗೋ ಕ್ಷಣಕ್ಕೆ ಅದಕ್ಕಿಂತ ಬಹಳ ಜಾಸ್ತಿ. ಅಷ್ಟನ್ನೂ ಆ ಪುಟ್ಟ ಥರ್ಮೋ ಸ್ವಿಚ್ ಮೂಲಕವೇ ಹರಿಸಿದ್ರೆ ಅದರ ಪಾಯಿಂಟ್ ಸುಟ್ಟು ಹೋಗತ್ತೆ, ರಿಲೇ ಹಾಕಿ, ಅಂದ್ರೆ ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್ ಮಾಡೋ ಸ್ವಿಚ್ಚು. ಈ ಗಾಡಿಲಿ ಬ್ಯಾಟರಿ ಇರೋದು ಸೀಟಿನ ಹಿಂದೆ, ಅಲ್ಲಿಂದ ಮುಂದೆವರೆಗೂ ಹೊಸ ವೈರ್ ಎಳೆಯೋ ಅಗತ್ಯ ಇಲ್ಲ, ಸ್ಟಾರ್ಟರ್ ಸಾಲಿನಾಯ್ಡ್ (ಸ್ಟಾರ್ಟರ್ ಮೋಟರಿಗೆ ಕರೆಂಟ್ ಬಿಡೋ ಸ್ವಿಚ್ಚು) ಹತ್ರ ಯಾವಾಗ್ಲೂ ಕರೆಂಟ್ ಇರೋ ಕಂದು ವೈರ್ ಸಿಗತ್ತೆ, ಅಲ್ಲಿಂದ ಫ್ಯೂಸ್ ದಾಟಿಸಿ ರಿಲೇಯ 30ನೇ ನಂಬರ್ ಟರ್ಮಿನಲ್ಲಿಗೆ, 87ನೇ ನಂಬರ್ ಟರ್ಮಿನಲ್ಲಿಂದ ಫ್ಯಾನಿಗೆ. ರಿಲೇ ಕಾಯಿಲಿಗೆ ಮಾತ್ರ ಇಗ್ನಿಷನ್ ಆನ್ ಆದಾಗ ಬರೋ ಹಸಿರು ವೈರಿಂದ ಕೊಟ್ಟಿದೀನಿ. ಫ್ಯಾನಿನ ಕರೆಂಟನ್ನೂ ಇಗ್ನಿಷನ್ ಕಡೆಯಿಂದಾನೇ ತಗೊಂಡ್ರೆ ಒಂದು ವಿಚಿತ್ರ ಆಗತ್ತೆ, ಕೀ ಆಫ್ ಮಾಡಿದ್ರೂ ಇನ್ನೂ ಸುತ್ತುತ್ತಿರೋ ಫ್ಯಾನ್ ಮೋಟರ್ ಡೈನಮೋ ತರ ಕರೆಂಟ್ ಹುಟ್ಟಿಸಿ ವಾಪಸ್ ಇಗ್ನಿಷನ್ನಿಗೇ ಕಳಿಸತ್ತೆ, ಇಂಜಿನ್ ಸ್ವಲ್ಪ ಹೊತ್ತು ನಿಲ್ಲದೇ ಓಡ್ತಾನೇ ಇರತ್ತೆ. ಬ್ಯಾಟರಿ ಕಡೆಯಿಂದ ಕೊಟ್ರೆ ಈ ಕಾಟ ಇಲ್ಲ.

ಕೀ ತೆಗೆದ್ಮೇಲೂ ಫ್ಯಾನ್ ಓಡ್ಬೇಕಾ ಅನ್ನೋದರ ಬಗ್ಗೆ ಜನ ಜಗಳಾನೇ ಆಡ್ತಾರೆ. ಇಂಜಿನ್ ನಿಂತ್ರೆ ವಾಟರ್ ಪಂಪೂ ನಿಲ್ಲತ್ತೆ, ಆಮೇಲೆ ಫ್ಯಾನ್ ಎಷ್ಟೇ ಓಡಿದ್ರೂ ಹೆಚ್ಚಾಗಿ ತಣ್ಣಗಾಗೋದು ರೇಡಿಯೇಟರಲ್ಲಿ ನಿಂತಿರೋ ನೀರೇ, ಬ್ಯಾಟರಿ ಖಾಲಿ ಆಗೋದು ಮಾತ್ರ ನಿಜ. ನಾನು ಬೇಡ ಅನ್ನೋರ ಕಡೆ.

ಇಷ್ಟು ವರ್ಷದಲ್ಲಿ ಕೆಟ್ಟಿದ್ದು ಅಂದ್ರೆ ಆ ಸೀಲು, ಮತ್ತೆ ಕಿಟ್ ಜೊತೆ ಬಂದ ಗಾಜಿನ ಫ್ಯೂಸ್ ಹೋಲ್ಡರು. ಫ್ಯೂಸ್ ಹೋಗ್ಲಿಲ್ಲ, ಹೋಲ್ಡರ್ ಒಳಗೆ ಸ್ಪ್ರಿಂಗ್ ಸಡಿಲ ಆಗಿ ಬಿಸಿಯಾಗಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಬ್ಲೇಡ್ ಫ್ಯೂಸ್ ಹೋಲ್ಡರ್ ಹಾಕಿದೆ, ಈಗ ಮುಟ್ಟಿದ್ರೆ ತಣ್ಣಗಿರತ್ತೆ. ಮೋಟರ್ ಇನ್ನೂ ಮೊದಲಿಂದೇ, ಮಳೆ ನೀರು ಕುಡಿದ ದಿನ ಶುರುವಲ್ಲಿ ಸ್ವಲ್ಪ ಕಿರುಗುಟ್ಟತ್ತೆ, ಆಮೇಲೆ ಸರಿಹೋಗತ್ತೆ.

ಬೆಲ್ಟ್ ಫ್ಯಾನ್ ಕೆಡೋದು ಅಪರೂಪ, ಕೆಟ್ರೂ ಸದ್ದು ಮಾಡಿ ಹೇಳತ್ತೆ. ಎಲೆಕ್ಟ್ರಿಕ್ ಫ್ಯಾನ್ ಸುಮ್ನೆ ನಿಂತುಬಿಡತ್ತೆ, ನಿಮಗೆ ಗೊತ್ತಾಗೋದು ಬಿಸಿ ತೋರಿಸೋ ಮೀಟರಿನ ಮುಳ್ಳು ಮೇಲೇರಿದ್ಮೇಲೆ. ಅದಕ್ಕೇ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಪುಟ್ಟ ದೀಪ ಹಾಕ್ಕೊಂಡೆ, ಫ್ಯಾನಿಗೆ ಕರೆಂಟ್ ಹೋದಾಗ ಅದು ಹತ್ತತ್ತೆ, ಜೊತೆಗೆ ಥರ್ಮೋ ಸ್ವಿಚ್ ಕೈಕೊಟ್ರೆ ಕೈಯಿಂದ ಆನ್ ಮಾಡೋಕೆ ಒಂದು ಸ್ವಿಚ್. ಕೈಯಿಂದ ಆಫ್ ಮಾಡೋ ಸ್ವಿಚ್ ಮಾತ್ರ ಬೇಡ, ಯಾವತ್ತೋ ಒಂದಿನ ಆಫ್ ಮಾಡಿ ಮರೆತ್ರೆ ಇಂಜಿನ್ ಬಿಸಿ ಏರಿ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗದ ಸೀಲು) ಸುಡೋವರೆಗೂ ಬರತ್ತೆ.

ಯಾರಿಗೆ ಇದು ಬೇಡ ಅಂತಾನೂ ಹೇಳ್ಬೇಕು. ಗಾಡಿ ನಿಂತಾಗ ಮಾತ್ರ ಬಿಸಿ ಏರಿ, ಓಡಿಸಿದ ಕೂಡ್ಲೇ ಇಳಿಯತ್ತೆ ಅಂದ್ರೆ ಫ್ಯಾನ್ ನಿಮ್ಮ ಕಷ್ಟ ಪೂರ್ತಿ ಪರಿಹರಿಸತ್ತೆ, ನನಗೆ ಆಗಿದ್ದೂ ಅದೇ, ಸಿಗ್ನಲ್ಲಲ್ಲಿ ಮುಳ್ಳು ಈಗ ಒಂದು ಗೆರೆ ಏರತ್ತೆ, ಫ್ಯಾನ್ ಆನ್ ಆಗತ್ತೆ, ವಾಪಸ್ ಬರತ್ತೆ. ಆದ್ರೆ ಹೈವೇಲಿ 80 ಕಿಲೋಮೀಟರ್ ಸ್ಪೀಡಲ್ಲಿ ಹೋಗ್ತಿರೋವಾಗ ಬಿಸಿ ಏರ್ತಿದ್ರೆ ಅಲ್ಲಿ ಗಾಳಿಗೆ ಕೊರತೆ ಇಲ್ಲ, ರೇಡಿಯೇಟರ್ ಟ್ಯೂಬ್ ಕಟ್ಟಿರಬಹುದು, ಬ್ಲಾಕ್ ಹಿಂಭಾಗದಲ್ಲಿ ನಾಲ್ಕನೇ ಸಿಲಿಂಡರ್ ಸುತ್ತ ತುಕ್ಕಿನ ಕೆಸರು ಕೂತಿರಬಹುದು, ಕಿಡಿ ಹಾರೋ ಟೈಮಿಂಗ್ ಹಿಂದೆ ಬಿದ್ದಿರಬಹುದು, ಮಿಕ್ಸ್ಚರ್ ಲೀನ್ (ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ) ಇರಬಹುದು. ಇವನ್ನ ಸರಿ ಮಾಡದೇ ಫ್ಯಾನ್ ಹಾಕೋದು ಜ್ವರ ಬಂದೋರಿಗೆ ಬೀಸಣಿಗೆ ಬೀಸಿದಂಗೆ.

1967ಕ್ಕಿಂತ ಹಿಂದಿನ ಡೈನಮೋ ಇರೋ ಗಾಡಿಯವರು ಇನ್ನೊಂದು ಲೆಕ್ಕ ಹಾಕ್ಬೇಕು. ಲ್ಯೂಕಸ್ ಸಿ40 ಡೈನಮೋ ಹೆಚ್ಚಂದ್ರೆ 22 ಆಂಪ್ ಕೊಡತ್ತೆ, ಗಾಡಿ ನಿಂತು ಇಂಜಿನ್ ಮಾತ್ರ ಓಡೋ ಐಡಲ್‌ನಲ್ಲಿ ಚಾರ್ಜೇ ಮಾಡಲ್ಲ ಅನ್ನಬಹುದು, ಫ್ಯಾನ್ ಬೇಕಾಗೋದೂ ಐಡಲ್‌ನಲ್ಲೇ. ನನ್ನ ಗಾಡಿಲಿ 34 ಆಂಪ್ ಆಲ್ಟರ್ನೇಟರ್ (ಡೈನಮೋ ಬದಲು ಬಂದ ಹೊಸ ತರಹದ ಜನರೇಟರ್) ಇದೆ, ಅಷ್ಟಿದ್ದೂ ರಾತ್ರಿ ಹೆಡ್‌ಲೈಟ್, ವೈಪರ್, ಫ್ಯಾನ್ ಮೂರೂ ಒಟ್ಟಿಗೆ ಓಡಿದ್ರೆ ಐಡಲ್‌ನಲ್ಲಿ ಲೈಟ್ ಸ್ವಲ್ಪ ಮಂಕಾಗತ್ತೆ. ಹಾಗಾಗಿ ಡೈನಮೋ ಇರೋರು ಮೊದ್ಲು ಆಲ್ಟರ್ನೇಟರ್ ಹಾಕಿಸಿ ಆಮೇಲೆ ಫ್ಯಾನಿಗೆ ಬನ್ನಿ. ಆ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ ಇರತ್ತೆ, ಅಂದ್ರೆ ಬ್ಯಾಟರಿಯ ಪ್ಲಸ್ ತುದಿ ಗಾಡಿ ಬಾಡಿಗೆ ಸೇರಿರತ್ತೆ, ಆಲ್ಟರ್ನೇಟರ್ ಹಾಕೋವಾಗ ಅದನ್ನ ನೆಗೆಟಿವ್ ಅರ್ಥಿಗೆ ಬದಲಾಯಿಸೋ ಕೆಲಸಾನೂ ಜೊತೆಗೇ ಬರತ್ತೆ, ಅದು ಮುಗಿದ್ಮೇಲೆ ಫ್ಯಾನಿಗೆ ಕರೆಂಟ್ ಕೊಟ್ಟು ಗ್ರಿಲ್ ಮುಂದೆ ಒಂದು ಹಾಳೆ ಹಿಡೀರಿ, ಅದು ರೇಡಿಯೇಟರ್ ಕಡೆ ಎಳ್ಕೊಂಡ್ರೆ ದಿಕ್ಕು ಸರಿ ಇದೆ.